ಕೊಪ್ಪರಿಗೆಗೆ ಬಿದ್ದ ಅಂಬಲಿಗೆ ಹೆಸರು ಯಾಕೆ?

ನಮ್ಮ ಪೇಟೆಯ ನಗರಸಭೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ,

ಮಾನ್ಯರೇ, ತಾವು ನಮ್ಮ ಮಾರಿಯಮ್ಮನ ಗುಡಿಯ ಬಾಗಿಲಿಗೆ ಅಂಟಿಸಿಹೋದ ಆದೇಶವನ್ನು ಓದಿದೆವು. ನಮ್ಮ ತಮಿಳರ ಆಡಿ ತಿಂಗಳ ಭಾನುವಾರಗಳಲ್ಲಿ ಮನೆಮನೆಯಿಂದ ತರುವ ರಾಗಿ ಅಂಬಲಿಯನ್ನು ಇನ್ನು ಮುಂದೆ ಒಂದೇ ಕೊಪ್ಪರಿಗೆಗೆ ಸುರಿಯಕೂಡದು. ಪ್ರತಿ ಪಾತ್ರೆಯ ಮೇಲೂ ಮನೆಯವರ ಹೆಸರಿನ ಚೀಟಿ ಇರಬೇಕು. ಬೇರೆ ಬೇರೆಯಾಗಿಯೇ ಬಡಿಸಬೇಕು. ಕಾರಣವನ್ನೂ ದಯಪಾಲಿಸಿದ್ದೀರಿ: ಯಾರಿಗಾದರೂ ಹೊಟ್ಟೆ ಕೆಟ್ಟರೆ ಅದು ಯಾರ ಮನೆಯ ಅಂಬಲಿಯಿಂದ ಎಂದು ಗೊತ್ತಾಗಬೇಕು. ಸ್ವಾಮೀ, ಯಾರ ಮನೆಯದು ಎಂದು ಗೊತ್ತಾಗಬಾರದು ಅಂತಲೇ ನಾವು ಕೊಪ್ಪರಿಗೆ ಇಟ್ಟಿರುವುದು!

ಪೇಟೆಯ ಆಚೆ ತುದಿಯ ಯಾವುದೋ ಮದುವೆಯಲ್ಲಿ ಸಿಗಡಿ ತಿಂದವರು ಆಸ್ಪತ್ರೆ ಸೇರಿದ ಮೇಲೆ ತಮಗೆ ಈ ಜ್ಞಾನೋದಯವಾಯಿತಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ಇನ್ನೂ ಬದುಕಿದ್ದಾನೆಂದು ತಿಳಿದು ಸಂತೋಷವಾಯಿತು. ನಮ್ಮ ಅಜ್ಜ ಅಜ್ಜಿಯರು ರಬ್ಬರ್ ತೋಟದ ಕೆಲಸಕ್ಕೆ ಹಡಗು ಹತ್ತಿ ಮಲೇಷ್ಯಾದ ಈ ಪೇರಾಕಿಗೆ ಬಂದಾಗ ಬಟ್ಟೆಯ ಗಂಟಿನ ಜೊತೆ ಜಾತಿಯ ಗಂಟನ್ನೂ ಹೊತ್ತು ತಂದಿದ್ದರು. ಒಂದೇ ಸೂರಿನಡಿ ಸಾಲಾಗಿ ಮಲಗುವವರು ಪಕ್ಕದ ಮನೆಯ ನೀರು ಮುಟ್ಟುತ್ತಿರಲಿಲ್ಲ. ಆಗ ಯಾರೋ ಒಬ್ಬ ಗಟ್ಟಿಗಿತ್ತಿ (ನಮ್ಮಜ್ಜಿಯ ಪ್ರಕಾರ ನಮ್ಮಜ್ಜಿಯೇ, ಬೇರೆಯವರ ಅಜ್ಜಿಯರು ಬೇರೆ ಹೇಳುತ್ತಿದ್ದರು) ಅಮ್ಮನ ಮುಂದೆ ಕೊಪ್ಪರಿಗೆ ಇಟ್ಟು, ಎಲ್ಲರೂ ಇದಕ್ಕೇ ಸುರಿಯಿರಿ, ಇದರಿಂದಲೇ ಕುಡಿಯಿರಿ ಅಂದಳು. ಅಮ್ಮನ ಪ್ರಸಾದ ಬೇಡ ಅನ್ನುವ ಎದೆಗಾರಿಕೆ ಯಾರಿಗಿತ್ತು? ಮುಖ ಕಿವುಚಿಕೊಂಡಾದರೂ ಕುಡಿದರು. ಈಗ ಹಿಂದಿನ ಬೀದಿಯ ಚೀನೀ ಔಷಧಿ ಅಂಗಡಿಯ ಲಿಮ್ ಅಜ್ಜಿಯೂ ಊದುಬತ್ತಿ ಹಚ್ಚಿ, ತನ್ನ ಪಾತ್ರೆ ಸುರಿದು ಹೋಗುತ್ತಾಳೆ. ಅದರಲ್ಲಿ ರಾಗಿ ಎಷ್ಟು, ಅಕ್ಕಿ ಎಷ್ಟು ಎಂದು ನಾವು ಕೇಳುವುದಿಲ್ಲ.

ಆದರೂ ನಾವು ಕಾನೂನಿಗೆ ತಲೆಬಾಗುವ ಜನ. ಕಳೆದ ಭಾನುವಾರ ಕೊಪ್ಪರಿಗೆಯನ್ನು ಬೋರಲು ಹಾಕಿ, ಮಂಟಪದ ಉದ್ದಕ್ಕೂ ಬೆಂಚು ಜೋಡಿಸಿ, ಚೀಟಿ ಅಂಟಿಸಿದ ಪಾತ್ರೆಗಳನ್ನು ಇಟ್ಟೆವು. ನನ್ನಕ್ಕ ಅಂಜಲೈಗೆ ಸ್ವರ್ಗ ಮೂರೇ ಗೇಣು. ತನ್ನ ಅಂಬಲಿಯಂಥ ಅಂಬಲಿ ಮಲೇಷ್ಯಾದಲ್ಲೇ ಇಲ್ಲವೆಂದು ಜನ್ಮವಿಡೀ ಹೇಳಿಕೊಂಡು ಬಂದವಳು. ಈಗ ಅವಳ ಪಾತ್ರೆಯ ಮುಂದೆ ಬಾಗಿಲವರೆಗೂ ಸಾಲು.

"ನೋಡೇ ತವಮಣಿ, ಇಷ್ಟು ವರ್ಷ ನನ್ನ ಅಂಬಲಿ ಕುಡಿದು ಊರವರನ್ನೆಲ್ಲ ಹೊಗಳ್ತಿದ್ರು. ಆ ಅಧಿಕಾರಿ ಹೊಟ್ಟೆ ತಣ್ಣಗಿರಲಿ!" ಅಂದಳು.

ತಮ್ಮ ಆದೇಶಕ್ಕೆ ಸಿಕ್ಕ ಏಕೈಕ ಆಶೀರ್ವಾದ ಇದು. ಕಡತಕ್ಕೆ ಸೇರಿಸಿಕೊಳ್ಳಿ.

ಬೆಂಚಿನ ಕೊನೆಯಲ್ಲಿ ಕೋಮಳಂ ನಿಂತಿದ್ದಳು. ಅವಳ ಗಂಡ ಹೋದ ವರ್ಷ ಇದೇ ಗುಡಿಯ ಹಿತ್ತಾಳೆ ತೂಗುದೀಪ ಕದ್ದು ಮಾರಿ ಈಗ ಜೈಲಿನಲ್ಲಿದ್ದಾನೆ. ಕದ್ದವನು ಒಳಗೆ ಹೋದ, ನಾಚಿಕೆ ಮಾತ್ರ ಹೊರಗೆ ಇವಳ ಪಾಲಿಗೆ ಉಳಿಯಿತು. ಅಲ್ಲಿಂದೀಚೆಗೆ ಅವಳು ಗುಡಿಯ ಮೆಟ್ಟಿಲು ಹತ್ತಿರಲಿಲ್ಲ. "ಆಡಿ ಬರ್ಲಿ, ಎಲ್ಲರ ಜೊತೆ ನೀನೂ ಸುರಿದುಬಿಡು, ಆಮೇಲೆ ಯಾರೂ ಏನೂ ಅನ್ನಲ್ಲ" ಎಂದು ಒಪ್ಪಿಸಿದವಳು ನಾನು. ತಮ್ಮ ಆದೇಶ ಬಂದದ್ದು ಅದರ ಮರುದಿನ. ಜನ ಬಂದರು, ಚೀಟಿ ಓದಿದರು, ಪಕ್ಕದ ಪಾತ್ರೆಗೆ ಸರಿದರು. ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ತಿರುಗಿ ಜಗಳವಾದರೂ ಆಡಬಹುದಿತ್ತು. ನಾನು ಹೋಗಿ ಎರಡು ಲೋಟ ಕುಡಿದೆ. ಆದರೆ ಒಬ್ಬಳು ಕುಡಿದರೆ ಅದು ಕನಿಕರ, ಅದು ಅವಳಿಗೂ ಗೊತ್ತು. ತುಂಬಿದ ಪಾತ್ರೆಯನ್ನು ಸೊಂಟಕ್ಕೆ ಇಟ್ಟುಕೊಂಡು ಹೊರಟೇಬಿಟ್ಟಳು.

ಆಗ ಅಡ್ಡ ಬಂದವಳು ನನ್ನಕ್ಕ. ಆ ಮನೆಯ ನೆರಳೂ ಬೇಡ ಎಂದು ವರ್ಷವಿಡೀ ಎಲ್ಲರಿಗಿಂತ ಜೋರಾಗಿ ಕೂಗಿದ್ದವಳೂ ಅವಳೇ.

"ಏನೇ, ಎಲ್ಲಿಗೆ ಹೊರಟೆ?"

"ಮನೆಗೆ."

"ಅಂಬಲಿಗೆ ಉಪ್ಪು ಹಾಕಿದೀಯೋ ಇಲ್ವೋ?"

"ಹಾಕಿದೀನಕ್ಕಾ."

"ನಾನು ಮರ್ತುಬಿಟ್ಟಿದೀನಿ. ಈಗ ತಾನೇ ಬಾಯಿಗಿಟ್ಟು ನೋಡ್ದೆ, ಬರೀ ಸಪ್ಪೆ. ಇಷ್ಟು ಜನ ಕುಡಿದು ಆಹಾ ಓಹೋ ಅಂದ್ರಲ್ಲ, ಅವ್ರೇನು ಅಂಬಲಿ ಕುಡಿದ್ರೋ ಚೀಟಿ ನೆಕ್ಕಿದ್ರೋ?"

ಹೇಳಿದವಳೇ ಕೊಪ್ಪರಿಗೆಯನ್ನು ನೆಟ್ಟಗೆ ಮಾಡಿ, ತನ್ನ ಪಾತ್ರೆಯನ್ನು ಅದಕ್ಕೆ ಬಗ್ಗಿಸಿದಳು. "ಅಯ್ಯೋ, ಕೈ ಜಾರ್ತು!" ಆಮೇಲೆ ಕೋಮಳಂ ಕಡೆ ತಿರುಗಿ, "ನಿಂತ್ಕೊಂಡು ಏನ್ ನೋಡ್ತೀಯೇ? ನಿನ್ನ ಕೈಯೂ ಜಾರ್ಲಿ" ಅಂದಳು. ಕೋಮಳಂ ಕೈಯೂ ಜಾರಿತು. ಅದೇನು ಮಾಯೆಯೋ, ಮಂಟಪದಲ್ಲಿದ್ದ ಎಲ್ಲರ ಕೈಯೂ ಜಾರತೊಡಗಿತು. ಲಿಮ್ ಅಜ್ಜಿಯ ಕೈ ಬಹಳ ನಿಧಾನವಾಗಿ, ಒಂದು ಹನಿಯೂ ಚೆಲ್ಲದಂತೆ ಜಾರಿತು. ತಾವು ಕಳಿಸಿದ್ದ ಪರಿಶೀಲಕರು ಓಡಿಬಂದು, ಮೊದಲು ಸುರಿದದ್ದು ಯಾರದು ಎಂದು ಕೇಳಿದರು. "ಬೆರೆತೋಯ್ತಲ್ಲ ಸಾರ್, ಈಗ ಹ್ಯಾಗೆ ಹೇಳೋದು?" ಎಂದು ನನ್ನಕ್ಕ ಕೈ ತಿರುವಿದಳು. ಸೌಟು ಹಾಕಿ ಕಲಸಿ ರುಚಿ ನೋಡಿದವಳು ನಾನು. ಉಪ್ಪು ಹದವಾಗಿತ್ತು. ಕೋಮಳಂ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಲೋಟ ಒಡ್ಡಿದಳು, ಯಾರೋ ಅವಳಿಗೆ ಈರುಳ್ಳಿ ಮೆಣಸಿನಕಾಯಿ ದಾಟಿಸಿದರು.

ಈ ಪತ್ರದಲ್ಲಿ ಅವಳ ಹೆಸರು ಹಾಕಲೇ ಎಂದು ಕೇಳಿದೆ. "ಹಾಕಕ್ಕಾ, ಪಾತ್ರೆ ಮೇಲೆ ಹಾಕಿದ್ದಕ್ಕಿಂತ ಇದೇ ವಾಸಿ" ಎಂದು ನಕ್ಕಳು.

ಮಾನ್ಯರೇ, ಹೊಟ್ಟೆ ಕೆಡಬಾರದೆಂಬ ತಮ್ಮ ಕಾಳಜಿ ನಮಗೂ ಇದೆ, ಹೊಟ್ಟೆ ನಮ್ಮದೇ ಅಲ್ಲವೇ? ಸುರಿಯುವ ಮುಂಚೆ ಒಂದೊಂದು ಪಾತ್ರೆಯನ್ನೂ ಮೂಸಿ ನೋಡಿ. ನಮ್ಮ ಉಗುರು ನೋಡಿ. ನೀರು ಕುದಿಸಿದಿರಾ ಎಂದು ಗದರಿಸಿ. ಹಳಸಿದ್ದನ್ನು ಚರಂಡಿಗೆ ಚೆಲ್ಲಿಸಿ, ನನ್ನಕ್ಕನದೇ ಆದರೂ ಸರಿ. ಆದರೆ ಬರುವ ಭಾನುವಾರದೊಳಗೆ ಆ ಚೀಟಿಯ ಆದೇಶವನ್ನು ಹಿಂದಕ್ಕೆ ಪಡೆಯಿರಿ. ಒಂದು ವೇಳೆ ಯಾರಿಗಾದರೂ ಹೊಟ್ಟೆ ಕೆಟ್ಟು, ತಪ್ಪು ಯಾರದೆಂದು ಬರೆಯಲೇಬೇಕಾಗಿ ಬಂದರೆ, ನಮ್ಮೆಲ್ಲರದು ಎಂದು ಬರೆದುಕೊಳ್ಳಿ. ತಾವೂ ಬನ್ನಿ, ಮನೆಯಿಂದ ಒಂದು ಪಾತ್ರೆ ತನ್ನಿ. ಅಂಬಲಿ ಕಾಯಿಸಲು ಬಾರದಿದ್ದರೂ ಅಂಜಬೇಡಿ, ಅದು ತಮ್ಮದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಇಂತಿ,
ಕಾನೂನಿಗೆ ತಲೆಬಾಗಿದರೂ ಬರುವ ಭಾನುವಾರ ಮತ್ತೆ ಕೈ ಜಾರೀತೆಂದು ಅಂಜುತ್ತಿರುವ
ತವಮಣಿ, ದರ್ಜಿ