ಗೋಡೆಗೆ ತೆರೆಯುವ ಕಿಟಕಿ

ಅಮ್ಮಾ,

ಇವತ್ತು ಊರಾಚೆಯ ಬಡಾವಣೆಯಲ್ಲಿ ಒಂದು ಮನೆ ನೋಡಿ ಬಂದೆವು. ನೀನು ಹೋದ ಮೇಲೆ ಮನೆಗಳ ಬೆಲೆ ನೆಲಕಚ್ಚಿದೆ. ಆ ಬೀದಿಯಲ್ಲಿ ಗೇಟಿಗೊಂದು ‘ಮಾರಾಟಕ್ಕಿದೆ’ ಫಲಕ. ದಲ್ಲಾಳಿಯಂತೂ “ಇದೇ ಸಮಯ, ಬಿಡ್ಬೇಡಿ” ಎಂದು ಬೆನ್ನು ಹತ್ತಿದ್ದ. ನಾನು ಬೀದಿಯುದ್ದಕ್ಕೂ ನಡೆದು ನೋಡಿದೆ. ಬಟ್ಟೆ ಒಣಹಾಕಿದ್ದು ಎರಡೇ ಮನೆಗಳಲ್ಲಿ. ಆದರೆ ಆ ಎರಡು ಮನೆಯವರು ಕಾಂಪೌಂಡಿನ ಮೇಲಿಂದ ನಗುನಗುತ್ತಾ ಮಾತಾಡುತ್ತಿದ್ದರು. ಬೀದಿ ಹಿಡಿಸಿತು.

ನಮ್ಮಿಬ್ಬರಲ್ಲಿ ಒಂದು ಕರಾರಿದೆ. ಮನೆ ನೋಡಿ ಯಾರ ಮುಖ ಅರಳಿತೋ ಅವರು ಬಾಯಿ ಮುಚ್ಚಿಕೊಂಡಿರಬೇಕು, ಇನ್ನೊಬ್ಬರು ಮೊದಲು ಹೇಳಬೇಕು. ಇವತ್ತು ನಿನ್ನ ಅಳಿಯನ ಮುಖ ಊರಗಲ ಅರಳಿತ್ತು.

ಕಾರಿನಲ್ಲಿ ಕೂತ ಮೇಲೆ, “ಏನನ್ಸುತ್ತೆ?” ಎಂದ.

“ನೀನು ಹೇಗೆ ಹೇಳ್ತೀಯೋ ಹಾಗೆ.”

ಸ್ಟಾರ್ಟ್ ಮಾಡಿದ್ದ ಕಾರನ್ನು ಮತ್ತೆ ಆಫ್ ಮಾಡಿದ. “ಇದು ನಿಮ್ಮಮ್ಮನ ಉತ್ತರ. ನಿಂದು ಹೇಳು.”

“ಬೇಡ. ಅಡುಗೆಮನೆ ಕಿಟಕಿ ತೆಗೆದ್ರೆ ಎದುರಿಗೆ ಗೋಡೆ.”

“ಅಷ್ಟಕ್ಕೇನಾ? ಇಷ್ಟು ಕಮ್ಮಿಗೆ ಮತ್ತೆ ಸಿಗಲ್ಲ ಕಣೇ.”

“ಅಷ್ಟಕ್ಕೇ.”

ಮುಖ ಊದಿಸಿಕೊಂಡ. ಆದರೂ ದಲ್ಲಾಳಿಗೆ ಫೋನ್ ಮಾಡಿ, “ನಮಗೆ ಬೇಡ” ಎಂದ. ‘ಅವಳಿಗೆ ಬೇಡವಂತೆ’ ಎನ್ನಲಿಲ್ಲ.

ಅಪ್ಪ ಮನೆ ಕೊಂಡದ್ದು ನಿನಗೆ ಗೊತ್ತಾದದ್ದು ಸಾಮಾನಿನ ಲಾರಿ ಬಾಗಿಲಿಗೆ ಬಂದಾಗ. ಅಲ್ಲೂ ಅಡುಗೆಮನೆಯ ಕಿಟಕಿಯಾಚೆ ಗೋಡೆಯೇ ಇತ್ತು. ಮನೆ ಹೇಗಿದೆ ಎಂದು ಬಂದವರೆಲ್ಲ ಅಪ್ಪನನ್ನೇ ಕೇಳಿದರು. ನೀನು ಒಳಗೆ ಕೂತು ಆ ಕಿಟಕಿಗೂ ಒಂದು ಹೂವಿನ ಪರದೆ ಹೊಲಿಯುತ್ತಿದ್ದೆ. ಸೂಜಿಗೆ ದಾರ ಪೋಣಿಸಿ ಕೊಟ್ಟವಳು ನಾನು.