ಒಂದೇ ಸಲ ಬರೆದ ನೀಲಕಂಠ

ಮಾಸಾಯಿ ಬಯಲು,
2419ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ.

ಪೂಜ್ಯ ಕುಮುದಿನಿ ಅಜ್ಜಿಗೆ, ನಿಮ್ಮ ಹದಿಮೂರನೆಯ ತಲೆಮಾರಿನ ಮೊಮ್ಮಗಳು ಇರಾವತಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಮುಗಿಯುತ್ತಿರಲಿಲ್ಲ, ಹಾಗಾಗಿ ನಮ್ಮವರು ಇನ್ನೊಂದನ್ನು ಸೇರಿಸಿಕೊಂಡರು. ನನ್ನ ಕನ್ನಡ ನಿಮಗೆ ಅಜ್ಜಿಯ ಸೀರೆ ಉಟ್ಟ ಮಗುವಿನಂತೆ ಕಂಡೀತು. ನಿಮ್ಮ ನೋಟ್‌ಬುಕ್ ಓದಿಯೇ ಕಲಿತದ್ದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದಕ್ಕಿಂತ ದೊಡ್ಡ ತಪ್ಪೊಂದನ್ನು ನಾನು ಹೇಳಿಕೊಳ್ಳಬೇಕಾಗಿದೆ.

ನಾನು ಇಲ್ಲಿಯ ಹಕ್ಕಿಮನೆಯಲ್ಲಿ ಹಳೆಯೋದುಗಾರ್ತಿ. ಎಂದರೆ, ಹಿಂದಿನವರು ಸಫಾರಿಗೆ ಬಂದಾಗ ಬರೆದಿಟ್ಟದ್ದನ್ನು ಓದಿ, ಯಾವ ಜೀವ ಹೇಗೆ ಬದುಕುತ್ತಿತ್ತೆಂದು ಇಲ್ಲಿಯವರಿಗೆ ತಿಳಿಸುವವಳು. ಒಂಬತ್ತು ವರ್ಷಗಳ ಹಿಂದೆ ಲೋಕದ ಕೊನೆಯ ಆರು ನೇರಳೆ ಎದೆಯ ನೀಲಕಂಠಗಳು ನಮ್ಮಲ್ಲಿದ್ದವು. ಲೆಮಾಯಾನ್ ಎಂಬ ಮಾಸಾಯಿ ಕಾವಲುಗಾರ ಅವಕ್ಕೆ ಮಿಡತೆ ತಿನ್ನಿಸಿ ಸಾಕಿದ್ದ. ಬಯಲಿಗೆ ಬಿಡುವ ಹೊತ್ತಿಗೆ ಪ್ರಶ್ನೆ ಬಂತು: ಒಟ್ಟಿಗೆ ಬಿಡುವುದೋ, ಬೇರೆಬೇರೆಯಾಗಿಯೋ? ಪಂಜರದಲ್ಲಿ ಅವು ಸದಾ ಕಚ್ಚಾಡುತ್ತಿದ್ದವು. ಕಾಡಿನಲ್ಲಿ ಅವನ್ನು ಕಂಡವರು ಯಾರೂ ಉಳಿದಿರಲಿಲ್ಲ. ಹಾಗಾಗಿ ನಿಮ್ಮ ಪುಸ್ತಕವನ್ನು ಕೇಳಿದೆವು.

ನಿಮ್ಮ ಸಫಾರಿಯ ಆ ಒಂದು ದಿನ ನನಗೆ ಬಾಯಿಪಾಠ. ಆರೂಕಾಲಿಗೆ ಫ್ಲಾಸ್ಕಿನ ಕಾಫಿ. ಜೀಪಿನ ಚಾವಣಿ ಎತ್ತಿ ನಿಂತದ್ದು, ಧೂಳು ಕುಡಿದದ್ದು. ಆನೆ ಇಪ್ಪತ್ತಮೂರು, ಸಿಂಹ ನಾಲ್ಕು. ಜಿರಾಫೆಯ ರೆಪ್ಪೆ ನಮ್ಮ ಪದ್ಮನ ರೆಪ್ಪೆಗಿಂತ ಉದ್ದ ಎಂಬ ಷರಾ. ಪದ್ಮ ಯಾರೋ ನನಗೆ ತಿಳಿಯದು, ಆದರೂ ಓದಿದಾಗಲೆಲ್ಲ ನಗು ಬರುತ್ತಿತ್ತು. ಹಕ್ಕಿಗಳ ಪಟ್ಟಿಯಲ್ಲಿ ನೀಲಕಂಠ ಒಂದೇ ಸಲ ಇತ್ತು: ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ, ಜಾಲಿಮರದ ತುದಿ, ಒಂದು. ಸಂಜೆಯವರೆಗೆ ಮತ್ತೆಲ್ಲೂ ಅದರ ಸುದ್ದಿಯಿಲ್ಲ. ಕಚ್ಚಾಟಕ್ಕೂ ಇದು ತಾಳೆಯಾಯಿತು. ‘ಒಂಟಿಯಾಗಿ ಬಾಳುವ ಹಕ್ಕಿ’ ಎಂದು ಬರೆದು ನಾನೇ ಸಹಿ ಹಾಕಿದೆ. ಆರನ್ನೂ ದೂರದೂರದ ಆರು ಬಯಲುಗಳಿಗೆ ಕಳಿಸಿದರು.

ನಮ್ಮ ಪಾಲಿನದು ಗಂಡು. ದಿನವೂ ಬೆಳಿಗ್ಗೆ ಎತ್ತರಕ್ಕೆ ಏರಿ, ಕೂಗುತ್ತ, ಲಾಗ ಹಾಕುತ್ತ ಕೆಳಗಿಳಿದು, ಕೊಂಬೆಯ ಮೇಲೆ ಕುಳಿತು ಸುತ್ತ ನೋಡುತ್ತಿತ್ತು. “ಯಾರಿಗೆ ತೋರಿಸ್ತಿದೆ ಇದು?” ಎಂದು ಲೆಮಾಯಾನ್ ಕೇಳುತ್ತಿದ್ದ. ಸಂತೋಷಕ್ಕೆ ಹಾರುತ್ತದೆ ಎಂದೆ. ಓದಿದವಳ ಮಾತೆಂದು ಅವನು ನಂಬಿದ.

ಕಳೆದ ತಿಂಗಳು, ಕಾಫಿ ಚೆಲ್ಲಿ ಅಂಟಿಕೊಂಡಿದ್ದ ನಿಮ್ಮ ಕೊನೆಯ ಎರಡು ಹಾಳೆಗಳು ಬಿಟ್ಟುಕೊಂಡವು. ನಿಮ್ಮದೇ ಅಕ್ಷರ: “ನಮ್ಮ ಹಕ್ಕಿ ನೋಡೋ ಗುಂಪಿನ ನಿಯಮ ಗೊತ್ತಲ್ಲ, ಒಂದು ಜಾತಿ ಒಂದೇ ಸಲ ಬರೆಯೋದು, ಮೊದಲು ಕಂಡಾಗ. ನೀಲಕಂಠ ಅಂತೂ ದಾರಿಯುದ್ದಕ್ಕೂ ಜೋಡಿ ಜೋಡಿ! ಕೊನೆಗೆ ‘ಸಾಕಪ್ಪ, ಇದಕ್ಕೆಲ್ಲ ಗಾಡಿ ನಿಲ್ಲಿಸ್ಬೇಡಿ’ ಅಂದೆ.”

ಅಷ್ಟರಲ್ಲಿ ಉಳಿದ ಐದೂ ಸತ್ತಿದ್ದವು. ಜೊತೆ ಮಾಡಲು ಏನೂ ಉಳಿದಿರಲಿಲ್ಲ. ಲೆಮಾಯಾನನಿಗೆ ಹೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ನಾವಿಬ್ಬರೂ ದುರ್ಬೀನು ಹಿಡಿದು ಹೋದಾಗ ಕೊಂಬೆ ಖಾಲಿಯಿತ್ತು. ಹಕ್ಕಿ ಬುಡದಲ್ಲಿ ಬಿದ್ದಿತ್ತು. ಅವನು ತನ್ನ ಕೆಂಪು ಹೊದಿಕೆಯಲ್ಲಿ ಅದನ್ನು ಎತ್ತಿಕೊಂಡ. ಆಗ ಎಲ್ಲವನ್ನೂ ಹೇಳಿದೆ. ಅವನು ಬೈದಿದ್ದರೆ ಚೆನ್ನಾಗಿತ್ತು. “ಒಂಬತ್ತು ವರ್ಷ ಕರೀತು ಕಣಮ್ಮ” ಎಂದಷ್ಟೇ ಹೇಳಿ ಮಣ್ಣು ತೋಡತೊಡಗಿದ.

ಅಜ್ಜಿ, ನನಗೆ ನನ್ನ ಮೇಲೆ ಹೇಸಿಗೆಯಾಗಿದೆ. ನಿಮ್ಮ ಮೇಲೆಯೂ ಕೋಪವಿದೆ, ಸುಳ್ಳು ಹೇಳಲಾರೆ. ಅಷ್ಟೊಂದು ಇದ್ದವು ನಿಮ್ಮಲ್ಲಿ, ಸಾಕಾಗಿಹೋಗುವಷ್ಟು! ಈ ಕಾಗದ ನಿಮ್ಮ ಸಫಾರಿಯ ಹಿಂದಿನ ದಿನಕ್ಕೆ ತಲುಪೀತೆಂಬ ಹುಚ್ಚು ಆಸೆಯಿಂದ ಕೇಳುತ್ತಿದ್ದೇನೆ: ನಾಳೆ ಗಾಡಿ ನಿಲ್ಲಿಸಿ. ಗುಂಪಿನವರು ನಕ್ಕರೆ ನಗಲಿ. ನೋಡಿದ್ದನ್ನೇ ಮತ್ತೆ ನೋಡಿ, ಬರೆದದ್ದನ್ನೇ ಮತ್ತೆ ಬರೆಯಿರಿ. ಬೇಸರವಾದರೂ ಬರೆಯಿರಿ ಅಜ್ಜಿ, ಪಕ್ಕದಲ್ಲಿ ಇನ್ನೊಂದು ಕೂತಿತ್ತು ಎಂದು.