ಬದನೆಕಾಯಿಯ ಮೇಲೆ ಹೊರಿಸಿದ ನವೆ

ಬಚ್ಚಲಮನೆಯ ಹಂಡೆಗೆ,

ಮಲ್ಲಾಜಮ್ಮ ಯಜಮಾನರೊಡನೆ ಮಾತು ಬಿಟ್ಟು ಮೂರು ದಿನವಾಯಿತು. ಅದಕ್ಕೇ ಈ ಚೀಟಿಯನ್ನು ನಿನಗೆ ಬರೆದಿದ್ದಾಳೆ. ನೀನೇ ಅವರಿಗೆ ಓದಿ ಹೇಳು.

ಮೊನ್ನೆ ಗುಂಡ್ಲುಪೇಟೆ ಬೀಗರ ಎದುರು ಮೈ ಕೆರೆದುಕೊಳ್ಳುತ್ತಾ, "ಇವ್ಳ ಬದ್ನೆಕಾಯಿ ನಂಜಾಗ್ಬುಟ್ಟು ಮೈಯೆಲ್ಲ ನವೆ ಕಣ್ರಪ್ಪ" ಅಂದರಲ್ಲ! ಮನೆಯೊಳಕ್ಕೆ ಬದನೆಕಾಯಿ ತರದೆ ತಿಂಗಳಾಯಿತು. ನವೆ ಹೋಯಿತೇ? ಸುಡುಸುಡು ನೀರು ಹುಯ್ದುಕೊಂಡು, ಬಟ್ಟೆ ಸೋಪು ಬಳಿದು, ಕಲ್ಲಿನಲ್ಲಿ ಉಜ್ಜಿದರೆ ಈ ಮಾಗಿಯಲ್ಲಿ ಎಮ್ಮೆಯ ಚರ್ಮವೂ ಒಣಗಿ ಬಿರಿಯುತ್ತದೆ!

ಇವತ್ತು ನೀನು ಉಗುರುಬೆಚ್ಚಗಾದರೆ ಸಾಕು. ಸೋಪು ಹುಡುಕಬೇಡಿ ಅನ್ನು, ಅದು ಉಮ್ಮತ್ತೂರಿಗೆ ಹೊರಟ ಮಲ್ಲಾಜಮ್ಮನ ಗಂಟಿನಲ್ಲಿದೆ. ಹೆಸರುಹಿಟ್ಟು ಗೂಡಿನಲ್ಲಿದೆ. ಮೈ ಒರೆಸಿದ ಮೇಲೆ ತೇವ ಆರುವ ಮುಂಚೆಯೇ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕು. ಕಂಬಳಿ ಬರಿಮೈಗೆ ತಾಗಕೂಡದು. ಉಗುರನ್ನೂ ತೆಗೆಯಲಿ, ಕೆರೆದು ಕೆರೆದು ಕಾಲೆಲ್ಲ ಗಾಯ.

ಬೆನ್ನಿಗೆ ಅವರ ಕೈ ಎಟುಕುವುದಿಲ್ಲ, ಗೊತ್ತು. ಉಮ್ಮತ್ತೂರಿನಿಂದ ಸಂಜೆ ಬಸ್ಸಿಗೆ ಬಂದು ಮಲ್ಲಾಜಮ್ಮನೇ ಹಚ್ಚುತ್ತಾಳೆ. ಆದರೆ "ಬದ್ನೆಕಾಯ್ದೇನೂ ತಪ್ಪಿಲ್ಲ ಕಣಮ್ಮಿ" ಅನ್ನುವವರೆಗೂ ಮಾತಿಲ್ಲ.

ಇವತ್ತು ಬೇಕೆಂದೇ ಬದನೆಕಾಯಿ ತರಿಸಿ, ಗೊಜ್ಜು ಮಾಡಿ ಒಲೆಯ ಪಕ್ಕ ಮುಚ್ಚಿಟ್ಟಿದ್ದಾಳೆ. ಸಂಜೆ ಬಂದಾಗ ಅದು ಹಾಗೇ ಉಳಿದಿದ್ದರೆ, ಬೆನ್ನೂ ಹಾಗೇ ಉಳಿಯುತ್ತದೆ.